ಯಶೋದಮ್ಮ ಮೇಡಂ ಮತ್ತು ಐದು ಕಂಪ್ಯೂಟರ್

ನಮ್ಮ ಯಶೋದಮ್ಮ ಮೇಡಂ ಪುಕ್ಕಲು ಸ್ವಭಾವದವರು. ಇದನ್ನು ಅವರ ಬೆನ್ನ ಹಿಂದೆ ಆಡಿಕೊಳ್ಳುತ್ತಿಲ್ಲ, ಮುಖದೆದುರೇ ಹತ್ತಾರು ಸಲ ಹೇಳಿದ್ದೇನೆ. "ಹೂಂ ಕಣೇ ಜಯದೇವಿ, ನಾನು ಪುಕ್ಕಲಿನೇ" ಎಂದು ಅವರೂ ಒಪ್ಪಿಕೊಂಡು, ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈ ಗೊಂಚಲು ಇದೆಯೋ ಇಲ್ಲವೋ ನೋಡಿಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತಿದ್ದರು. ಕಾಮಾಕ್ಷಿಪಾಳ್ಯದಲ್ಲಿ ಲೇಥ್ ಶೆಡ್ಡುಗಳ ಸಾಲಿನ ಹಿಂದೆ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಅವರು ಅಲ್ಲಿ ಮುಖ್ಯೋಪಾಧ್ಯಾಯಿನಿ, ನಾನು ಗಣಿತದ ಟೀಚರ್. ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಕೂತು ಟಿಫನ್ ಡಬ್ಬಿ ಬಿಚ್ಚಿದ್ದೇವೆ. ಹಾಗಾಗಿ ಅವರ ಬಗ್ಗೆ ಬಾಯಿಗೆ ಬಂದದ್ದು ಹೇಳುವ ಹಕ್ಕು ನನಗಿದೆ ಎಂದು ಬಹಳ ದಿನ ನಂಬಿಕೊಂಡಿದ್ದೆ.

ಅವರು ಬ್ಯಾಡರಹಳ್ಳಿಯ ಹಳೆಯ ಒಕ್ಕಲು ಮನೆತನದ ಸೊಸೆ. ರಾಗಿ ಹೊಲಗಳೆಲ್ಲ ಸೈಟುಗಳಾಗಿ, ಮೈದುನಂದಿರು ಬಾಡಿಗೆ ಮನೆಗಳ ಮಾಲೀಕರಾಗಿದ್ದರು. ಆ ಮನೆಯ ಹೆಂಗಸು ಕೆಲಸಕ್ಕೆ ಹೋಗುವ ಅಗತ್ಯವೇನಿದೆ ಎಂದು ಕೇಳುವವರಿಗೆ ಕೊರತೆ ಇರಲಿಲ್ಲ. ಮೇಡಂ ಮಾತ್ರ ಬೆಳಿಗ್ಗೆ ಎಂಟೂಕಾಲಿನ ಬಸ್ಸು ಹಿಡಿದು, ಮಾಗಡಿ ರಸ್ತೆಯ ಧೂಳು ಕುಡಿದು, ಎಲ್ಲರಿಗಿಂತ ಮೊದಲು ಬಂದು ಶಾಲೆಯ ಬಾಗಿಲು ತೆಗೆಯುತ್ತಿದ್ದರು.

ಅವರ ಹೆದರಿಕೆಗೊಂದು ಹಳೆಯ ಕಥೆ ಇದೆ. ಕೆಲಸಕ್ಕೆ ಸೇರಿದ ಹೊಸತು, ಮಾಗಡಿ ಕಡೆಯ ಒಂದು ಹಳ್ಳಿಯ ಶಾಲೆ. ಹೆಡ್‌ಮಾಸ್ಟರು ರಜೆ ಹೋದಾಗ ಶಾಲೆಯ ಜವಾಬ್ದಾರಿ ನಾಲ್ಕು ದಿನಕ್ಕೆ ಇವರ ಕೈಗೆ ಬಂದಿತ್ತು. ಸರ್ಕಾರದಿಂದ ಬಂದ ಹೊಸ ರೇಡಿಯೋ ಬೀರುವಿನಲ್ಲಿತ್ತು. ಮಕ್ಕಳೂ ಕೇಳಲಿ ಎಂದು ಹೊರಗೆ ತೆಗೆದು ಕಿಟಕಿಯ ಮೇಲಿಟ್ಟರು. ಒಬ್ಬ ಹುಡುಗ ತಿರುಗಿಸಲು ಹೋದ, ರೇಡಿಯೋ ಕೆಳಗೆ ಬಿತ್ತು. ತಿಂಗಳೊಳಗೆ ಕಾರಣ ಕೇಳುವ ನೋಟಿಸು ಮನೆಯ ವಿಳಾಸಕ್ಕೇ ಬಂತು. ಮಾವ ಮುನಿವೆಂಕಟಪ್ಪನವರಿಗೆ ಓದು ಬರಹ ಅಷ್ಟಕ್ಕಷ್ಟೆ. ಪೋಸ್ಟ್‌ಮ್ಯಾನ್ ಕೈಯಲ್ಲೇ ಅದನ್ನು ಜಗಲಿಯ ಮೇಲೆ, ಅಕ್ಕಪಕ್ಕದವರ ಮುಂದೆ, ಗಟ್ಟಿಯಾಗಿ ಓದಿಸಿದರು. ಮೇಡಂ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡರು. ಹೊಸ ಸೊಸೆ ಸರ್ಕಾರದ ಸಾಮಾನು ಒಡೆದು ಹಾಕಿದಳಂತೆ ಎಂಬ ಮಾತು ಊರಲ್ಲಿ ಎರಡು ವರ್ಷ ಓಡಾಡಿತು. ಆ ವರ್ಷದ ಸಂಬಳದ ಬಡ್ತಿ ಹೋದದ್ದಕ್ಕಿಂತ ಈ ಮಾತೇ ಅವರನ್ನು ಹೆಚ್ಚು ಸುಟ್ಟಿತು.

ಅಲ್ಲಿಂದ ಮುಂದೆ ಅವರ ವಶದಲ್ಲಿದ್ದ ಯಾವ ವಸ್ತುವೂ ಒಡೆಯಲಿಲ್ಲ. ಒಡೆಯುವುದಾದರೂ ಹೇಗೆ, ಯಾರ ಕೈಗೂ ಕೊಟ್ಟರೆ ತಾನೇ. ನಮ್ಮ ಶಾಲೆಯ ಭೂಗೋಳಕ್ಕೆ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಚೀಲವನ್ನು ಕೊನೆಯವರೆಗೂ ಬಿಚ್ಚಿರಲಿಲ್ಲ. ಕಾಲ್ಚೆಂಡಿಗೆ ಗಾಳಿ ತುಂಬಿಸಿರಲಿಲ್ಲ. ಸಮಾಜ ಪಾಠದ ಟೀಚರ್ ನಕಾಶೆ ಕೇಳಿದರೆ, "ಪುಸ್ತಕದಲ್ಲೇ ಇದ್ಯಲ್ಲಮ್ಮ, ಅದರಲ್ಲೇ ತೋರಿಸು" ಎನ್ನುತ್ತಿದ್ದರು. ಕಂಜೂಸು ಎಂದುಕೊಳ್ಳಬೇಡಿ. ಬಿಸಿಯೂಟದ ಸಾರು ತೆಳ್ಳಗಾದರೆ ಅಡುಗೆಯವರ ಮೇಲೆ ಜಗಳಕ್ಕೆ ನಿಲ್ಲುವ ಹೆಂಗಸು. ಜ್ವರ ಬಂದ ಮಗುವನ್ನು ತಾವೇ ಆಟೋದಲ್ಲಿ ಕೂರಿಸಿಕೊಂಡು ಹೋಗುವವರು. ಸಾಮಾನಿನ ವಿಷಯ ಬಂದರೆ ಮಾತ್ರ ಅವರ ಮುಖದಲ್ಲಿ ಬೇರೆಯೇ ಒಬ್ಬರು ಕಾಣಿಸಿಕೊಳ್ಳುತ್ತಿದ್ದರು.

ಎರಡು ಸಾವಿರದ ಮೂರರಲ್ಲಿ ನಮಗೆ ಐದು ಕಂಪ್ಯೂಟರ್ ಬಂದವು. ಖಾಲಿ ಕೋಣೆಗೆ ಸುಣ್ಣ ಬಳಿಸಿ, ಬಾಗಿಲಿಗೆ ಬೂದುಗುಂಬಳ ಒಡೆದು, ಮಾನಿಟರುಗಳ ಹಣೆಗೆ ಅರಿಶಿನ ಕುಂಕುಮ ಹಚ್ಚಿ ಒಳಗೆ ಇಟ್ಟೆವು. ಪಕ್ಕದ ಗಾರ್ಮೆಂಟ್ಸಿನ ತುಂಡು ಬಟ್ಟೆ ತಂದು ಮೇಡಂ ತಮ್ಮ ಕೈಯಾರೆ ಹೊದಿಕೆ ಹೊಲಿದರು. ಕೀಬೋರ್ಡು, ಮೌಸುಗಳನ್ನು ರಟ್ಟಿನ ಪೆಟ್ಟಿಗೆಯ ಸಮೇತ ಬೀರುವಿಗೆ ಹಾಕಿ ಬೀಗ ಜಡಿದರು. ಆಮೇಲೆ ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಆ ಕೋಣೆಯ ಬಾಗಿಲು ತೆರೆಯುತ್ತಿತ್ತು, ಅದೂ ಚಪ್ಪಲಿ ಹೊರಗೆ ಬಿಟ್ಟು ಹೋದವರಿಗೆ.

ಕಂಪ್ಯೂಟರ್ ಪಾಠ ನನ್ನ ತಲೆಗೆ ಬಿದ್ದಿತ್ತು. ನಾನು ಕರಿಹಲಗೆಯ ಮೇಲೆ ಮಾನಿಟರ್ ಬರೆದೆ, ಮೌಸ್ ಬರೆದೆ, ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದು ಬಣ್ಣ ತುಂಬಿದರು. ಪರೀಕ್ಷೆಯಲ್ಲಿ "ಮೌಸಿನ ಚಿತ್ರ ಬರೆದು ಭಾಗಗಳನ್ನು ಹೆಸರಿಸಿ" ಎಂದು ಕೇಳಿದೆ. ಎಲ್ಲರಿಗೂ ಹತ್ತಕ್ಕೆ ಹತ್ತು. ಮೂರು ತಿಂಗಳಿಗೊಮ್ಮೆ ಮೇಲಿನ ಕಚೇರಿಯಿಂದ ಉಪಕರಣಗಳ ಸ್ಥಿತಿ ಕೇಳಿ ಕಾಗದ ಬರುತ್ತಿತ್ತು. "ಐದೂ ಸುಸ್ಥಿತಿಯಲ್ಲಿವೆ" ಎಂದು ಮೇಡಂ ದುಂಡಗೆ ಬರೆದು ಕಳಿಸುತ್ತಿದ್ದರು. ಅವರ ಪ್ರಕಾರ ಅದು ನಿಜವೇ.

ಆ ನಿಜವೇ ನಮಗೆ ಮುಳುವಾಯಿತು. ಎರಡು ಸಾವಿರದ ಏಳರ ಫೆಬ್ರವರಿ ಎಂಟನೇ ತಾರೀಖು ಸುತ್ತೋಲೆ ಬಂತು. ಏಳನೇ ತರಗತಿಯ ಮಕ್ಕಳ ಕಲಿಕೆಯನ್ನು ಇನ್ನು ಮುಂದೆ ಎಲ್ಲ ಶಾಲೆಗಳಿಗೂ ಒಂದೇ ಅಳತೆಯಲ್ಲಿ, ಕಂಪ್ಯೂಟರಿನ ಮೂಲಕವೇ ಪರೀಕ್ಷಿಸುವ ಆಲೋಚನೆ ಇದೆ, ಮೊದಲ ಪ್ರಯೋಗಕ್ಕೆ ಕೆಲವು ಶಾಲೆಗಳನ್ನು ಆರಿಸಲಾಗಿದೆ, ಇಪ್ಪತ್ತೇಳರಂದು ಸಿದ್ಧವಾಗಿರಬೇಕು. ಸುತ್ತಮುತ್ತಲ ಶಾಲೆಗಳಲ್ಲಿ ಒಂದರ ಮಾನಿಟರ್ ಸುಟ್ಟಿತ್ತು, ಇನ್ನೊಂದರಲ್ಲಿ ಮಕ್ಕಳು ಆಡಿ ಆಡಿ ಕೀಗಳು ಕಿತ್ತು ಬಂದಿದ್ದವು. ಐದಕ್ಕೆ ಐದೂ ಸುಸ್ಥಿತಿಯಲ್ಲಿದ್ದದ್ದು ನಮ್ಮಲ್ಲಿ ಮಾತ್ರ. ಹಾಗಾಗಿ ನಮ್ಮ ವಲಯದಿಂದ ನಾವೇ.

ಮೇಡಂ ಸುತ್ತೋಲೆಯನ್ನು ಎರಡು ಸಲ ಓದಿ ಮಡಿಸಿಟ್ಟರು. "ಜೂನ್ ಕೊನೆಗೆ ನಾನು ರಿಟೈರ್ ಆಗ್ತೀನಿ ಕಣೇ" ಎಂದರು. "ಇನ್ನು ಐದು ತಿಂಗಳೂ ಇಲ್ಲ. ಆ ರೇಡಿಯೋ ಆದ್ಮೇಲೆ ಒಂದೇ ಒಂದು ನೋಟಿಸ್ ಬಂದಿಲ್ಲ ನಂಗೆ. ಇನ್ನೊಂದು ಬರದ ಹಾಗೆ ಮನೆಗೆ ಹೋಗ್ಬೇಕು ಅಂತ ಒಂದೇ ಆಸೆ ಇತ್ತು."

"ಏನೂ ಆಗಲ್ಲ ಬಿಡಿ ಮೇಡಂ, ಮಷೀನ್ ಹೊಸದಾಗೇ ಇದಾವೆ" ಎಂದೆ. ಆದರೆ ನಮ್ಮ ಮಕ್ಕಳು ಮೌಸಿಗೆ ಬಣ್ಣ ತುಂಬಿದ್ದರೇ ಹೊರತು ಅದನ್ನು ಕೈಯಲ್ಲಿ ಹಿಡಿದಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಹಿಡಿದಿರಲಿಲ್ಲ.

ಮೇಡಂ ಅಕ್ಕನ ಮಗ ಭೈರೇಶ್ ವಿಜಯನಗರದಲ್ಲಿ ಬ್ರೌಸಿಂಗ್ ಸೆಂಟರ್ ಇಟ್ಟುಕೊಂಡಿದ್ದ, ನಲವತ್ತು ದಾಟಿದ ಗಂಭೀರ ಮನುಷ್ಯ. ಮಾರನೆಯ ದಿನವೇ ಬಂದ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಹೊದಿಕೆ ತೆಗೆದು, ಒಂದೊಂದಾಗಿ ಸ್ವಿಚ್ ಹಾಕುತ್ತಾ ಹೋದ. ಒಂದೂ ಹತ್ತಲಿಲ್ಲ. ಕರೆಂಟು ಹೋದರೂ ಕಂಪ್ಯೂಟರ್ ನಡೆಸಬೇಕಾದ ಬ್ಯಾಟರಿ ಪೆಟ್ಟಿಗೆಗಳು ಐದೂ ಸತ್ತಿದ್ದವು. ಎರಡು ಯಂತ್ರಗಳ ಒಳಗೆ ಇರುವೆ ಗೂಡು.

"ನಾವು ಮುಟ್ಟೇ ಇಲ್ವಲ್ಲಪ್ಪ" ಎಂದರು ಮೇಡಂ. ಅವರ ದನಿ ಸಣ್ಣಗಾಗಿತ್ತು.

"ಅದಕ್ಕೇ ಹಾಳಾಗಿರೋದು ಚಿಕ್ಕಮ್ಮ. ಬ್ಯಾಟರಿ ಅಂದ್ರೆ ಓಡಿಸ್ತಾ ಇರ್ಬೇಕು. ಇಟ್ಟು ಇಟ್ಟು ಕೆಟ್ಟಿರೋದು ಇದು."

ಮೇಡಂ ತೆಗೆದಿಟ್ಟ ಹೊದಿಕೆಯನ್ನು ಎತ್ತಿ ಮಡಿಸತೊಡಗಿದರು. ನಾಲ್ಕು ವರ್ಷ ಜೋಪಾನ ಮಾಡಿದ್ದು ಜೋಪಾನವೇ ಅಲ್ಲ ಎಂದು ಯಾರಾದರೂ ಹೇಳಿದರೆ ಮನುಷ್ಯನಿಗೆ ಏನಾಗುತ್ತದೋ ಅದು ಅವರಿಗೆ ಆಗುತ್ತಿತ್ತು. ಪಾಪ ಅನ್ನಿಸಿತು. ಜೊತೆಗೆ ಸಿಟ್ಟೂ ಬಂತು. ಭೈರೇಶ್ ಮಾತು ಬೆಳೆಸಲಿಲ್ಲ. ತನ್ನ ಅಂಗಡಿಯ ಬ್ಯಾಟರಿಗಳನ್ನೇ ತಂದು ಜೋಡಿಸಿ, ಇರುವೆ ಗೂಡು ಊದಿ, ನಾಲ್ಕು ದಿನದಲ್ಲಿ ಐದೂ ಯಂತ್ರಗಳಿಗೆ ಜೀವ ತುಂಬಿದ. ಸಂಜೆ ಹೊತ್ತು ನನಗೂ ಮೌಸ್ ಹಿಡಿಯಲು ಕಲಿಸಿದ. ಆ ಪುಟ್ಟ ಬಾಣದ ಗುರುತು ಪರದೆಯ ತುಂಬ ಓಡಾಡಿ ಕೊನೆಗೂ ನಾನು ಹೇಳಿದಲ್ಲಿ ನಿಂತಾಗ, ಬಿ.ಎಡ್. ಪಾಸಾದ ದಿನ ಆದಷ್ಟೇ ಸಂತೋಷವಾಯಿತು.

ಪರೀಕ್ಷೆಗೆ ಕೂರುವ ಹದಿನೈದು ಮಕ್ಕಳನ್ನು ಹಾಜರಿ ಪುಸ್ತಕದ ನಂಬರು ನೋಡಿ ಕಚೇರಿಯವರೇ ಆರಿಸಿದ್ದರು. ಐದೈದು ಮಕ್ಕಳ ಮೂರು ತಂಡ. ಮೊದಲ ತಂಡದಲ್ಲಿ ಉಮಾಶ್ರೀ ಇದ್ದಳು. ಬಾಗಲಕೋಟೆ ಕಡೆಯ ಹುಡುಗಿ. ಅಪ್ಪ ಕಟ್ಟಡದ ಕೆಲಸಕ್ಕೆ, ಅವ್ವ ದಾನಮ್ಮ ಗಾರ್ಮೆಂಟ್ಸಿಗೆ. ಲೆಕ್ಕದಲ್ಲಿ ನನಗೇ ಒಮ್ಮೊಮ್ಮೆ ದಾರಿ ತೋರಿಸುವಷ್ಟು ಚುರುಕು. ಆ ತಂಡದಲ್ಲೇ ದುಂಡೇಶನೂ ಇದ್ದ. ಅವನಿಗೆ ಐದು ನಿಮಿಷ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅಭ್ಯಾಸದ ಮೊದಲ ದಿನವೇ ಆ ಕಾಲು ಕೆಲಸ ಮಾಡಿತು. ಬ್ಯಾಟರಿಗಳಿಂದ ಕಂಪ್ಯೂಟರುಗಳಿಗೆ ಕರೆಂಟು ಹೋಗುವ, ಮೇಜಿನ ಕೆಳಗಿನ ಸ್ವಿಚ್ ಬೋರ್ಡಿಗೆ ತಗುಲಿ ಐದು ಪರದೆಗಳೂ ಒಟ್ಟಿಗೆ ಕಪ್ಪಾದವು. ಮಕ್ಕಳು ಚೀರಲಿಲ್ಲ, ಸುಮ್ಮನೆ ಮೇಡಂ ಮುಖ ನೋಡಿದರು. ಮೇಡಂ ಇದ್ದಲ್ಲಿಯೇ ನೆಲದ ಮೇಲೆ ಕೂತುಬಿಟ್ಟರು. ಹಣೆಯ ತುಂಬ ಬೆವರು. ನಾನು ನೀರು ತಂದುಕೊಡುವಷ್ಟರಲ್ಲಿ ಭೈರೇಶ್ ಸ್ವಿಚ್ ಹಾಕಿ ಆಗಿತ್ತು, ಯಾವುದಕ್ಕೂ ಏನೂ ಆಗಿರಲಿಲ್ಲ. ಆದರೆ ಮಕ್ಕಳು ನೋಡಬಾರದ್ದನ್ನು ನೋಡಿದ್ದರು. ದೊಡ್ಡ ಟೀಚರ್ ನೆಲಕ್ಕೆ ಕುಸಿದಿದ್ದನ್ನು ಅವರು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಂದಿನಿಂದ ಒಂದು ನಿಯಮ ಬಂತು. ಮಕ್ಕಳು ಒಳಗೆ ಬಂದು ಕೂರಬೇಕು, ಎರಡೂ ಕೈ ಮಡಿಲಲ್ಲಿ. ಮೇಡಂ ಎಲ್ಲರ ಕಾಲು, ಕೈ, ಮೇಜಿನ ಕೆಳಗಿನ ತಂತಿ ನೋಡಿಕೊಂಡು ಬಂದು ಬಾಗಿಲ ಹತ್ತಿರ ನಿಂತು, "ಈಗ ಮುಟ್ಟಿ" ಎನ್ನಬೇಕು. ಆಗ ಮುಟ್ಟಬೇಕು. ಮೊದಲೇ ಮುಟ್ಟಿದವರು ಆ ದಿನ ಹೊರಗೆ. ದುಂಡೇಶ ಮೂರು ದಿನ ಹೊರಗೆ ನಿಂತ. ನಾಲ್ಕನೆಯ ದಿನದಿಂದ ಅವನ ಕೈಗಳು ಮಡಿಲಲ್ಲಿ ಕಲ್ಲಿನ ಹಾಗೆ ಕೂತವು.

"ಮೇಡಂ, ಸ್ವಲ್ಪ ಜಾಸ್ತಿ ಆಯ್ತೇನೋ" ಎಂದೆ ಒಮ್ಮೆ.

"ಇಪ್ಪತ್ತೇಳು ಕಳೀಲಿ ಜಯದೇವಿ. ಆಮೇಲೆ ನೀನು ಹೇಳಿದ ಹಾಗೆ ಮಾಡೋಣ" ಎಂದರು. ನಾನೂ ಬಿಟ್ಟೆ. ತರಗತಿ ಶಿಸ್ತಾಗಿತ್ತು, ಮಕ್ಕಳು ಬೇಗ ಕಲಿಯುತ್ತಿದ್ದರು, ಸುಮ್ಮನೆ ಯಾಕೆ ಕೆದಕುವುದು ಎಂದು.

ಆ ಎರಡು ವಾರ ಮೇಡಂ ಸರಿಯಾಗಿ ಊಟ ಮಾಡಿದ್ದು ನಾನು ನೋಡಲಿಲ್ಲ. ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ದೊಡ್ಡ ಪ್ರೆಸ್ ಶುರುವಾದರೆ ನಮ್ಮ ಟ್ಯೂಬ್‌ಲೈಟ್ ಮಂಕಾಗುತ್ತಿತ್ತು, ಬ್ಯಾಟರಿ ಪೆಟ್ಟಿಗೆ ಕುಂಯ್ ಎನ್ನುತ್ತಿತ್ತು. ಆ ಸದ್ದಿಗೆ ಅವರು ಡಬ್ಬಿ ಮುಚ್ಚಿ ಎದ್ದು ಓಡುತ್ತಿದ್ದರು. ಶೆಡ್ಡಿನ ಮಾಲೀಕನ ಹತ್ತಿರ ಹೋಗಿ, ಇಪ್ಪತ್ತೇಳರಂದು ಒಂದು ದಿನ ಪ್ರೆಸ್ ನಿಲ್ಲಿಸಿ ಎಂದು ಕೈ ಮುಗಿದು ಬಂದರು. ಆತ ಒಪ್ಪಿದ. ಅಂದು ಕರೆಂಟು ತೆಗೆಯಬೇಡಿ ಎಂದು ಬೆಸ್ಕಾಂ ಕಚೇರಿಗೂ ಅರ್ಜಿ ಕೊಟ್ಟು ಬಂದರು. ಎಲ್ಲವನ್ನೂ ಯೋಚಿಸಿದರು. ಯೋಚಿಸದೇ ಉಳಿದದ್ದು ಒಂದೇ.

ಪರೀಕ್ಷೆಯ ದಿನ ಮೇಲ್ವಿಚಾರಕರಾಗಿ ಬೇರೆ ತಾಲ್ಲೂಕಿನ ಲಿಂಗಪ್ಪ ಎಂಬ ಹೆಡ್‌ಮಾಸ್ಟರು ಬಂದರು. ಕಾಗದ ನೋಡಿ ನಿಯಮ ಓದಿದರು: ಪರೀಕ್ಷೆ ನಡೆಯುವಾಗ ಆ ಶಾಲೆಯ ಶಿಕ್ಷಕರು ಯಾರೂ ಕೋಣೆಯೊಳಗೆ ಇರಬಾರದು, ಮಕ್ಕಳೊಂದಿಗೆ ಮಾತನಾಡಬಾರದು, ತಪ್ಪಿದರೆ ಶಿಸ್ತುಕ್ರಮ. ಮೇಡಂ ಮುಚ್ಚಳಿಕೆಗೆ ಸಹಿ ಹಾಕಿ, ಕೋಣೆಯ ಕೀಲಿ ಅವರ ಕೈಗೆ ಕೊಟ್ಟು ಹೊರಗೆ ಬಂದರು. ನಾವಿಬ್ಬರೂ ಅಂಗಳದ ಹೊಂಗೆ ಮರದ ಕೆಳಗೆ ನಿಂತೆವು. ಅಲ್ಲಿಂದ ಕೋಣೆಯ ಕಿಟಕಿ ಚೆನ್ನಾಗಿ ಕಾಣುತ್ತಿತ್ತು.

ಹತ್ತೂವರೆಗೆ ಲಿಂಗಪ್ಪನವರು "ಶುರು ಮಾಡಿ" ಎಂದದ್ದು ನಮಗೂ ಕೇಳಿಸಿತು. ನಲವತ್ತು ನಿಮಿಷ, ಮೂವತ್ತು ಪ್ರಶ್ನೆ. ಪರದೆಯ ಮೂಲೆಯಲ್ಲಿ ಉಳಿದ ಸಮಯ ದೊಡ್ಡ ಅಂಕಿಯಲ್ಲಿ ಕಾಣುತ್ತದೆ, ಮುಗಿದ ಕೂಡಲೇ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕರೆಂಟು ಇತ್ತು. ಪ್ರೆಸ್ ನಿಂತಿತ್ತು. ಐದೂ ಪರದೆಗಳು ಬೆಳಗುತ್ತಿದ್ದವು. "ಹೋಗ್ಲಿ ಬಿಡೇ, ದೇವರು ದೊಡ್ಡವನು" ಎಂದು ಮೇಡಂ ಮೊದಲ ಬಾರಿಗೆ ಉಸಿರು ಬಿಟ್ಟರು.

ಎರಡು ನಿಮಿಷವಾಯಿತು. ನಾನು ಕನ್ನಡಕ ಸರಿ ಮಾಡಿಕೊಂಡು ನೋಡಿದೆ. ಐದೂ ಪರದೆಗಳ ಮೇಲೆ ಮೊದಲನೇ ಪ್ರಶ್ನೆಯೇ ಇತ್ತು. ಓದುತ್ತಿರಬೇಕು ಎಂದುಕೊಂಡೆ. ಐದು ನಿಮಿಷ. ಆಗಲೂ ಮೊದಲನೆಯದೇ. ಉಮಾಶ್ರೀಗೆ ಅಂಥ ಲೆಕ್ಕಕ್ಕೆ ಅರ್ಧ ನಿಮಿಷ ಸಾಕು. ಕಿಟಕಿಗೆ ಇನ್ನೆರಡು ಹೆಜ್ಜೆ ಹತ್ತಿರ ಹೋದೆ. ಐದು ಮಕ್ಕಳ ಹತ್ತು ಕೈಗಳೂ ಮಡಿಲಲ್ಲಿದ್ದವು. ಉಮಾಶ್ರೀ ಆಗಾಗ ಬಾಗಿಲ ಕಡೆ ನೋಡುತ್ತಿದ್ದಳು.

ನನಗಿಂತ ಮೊದಲು ಮೇಡಂಗೆ ಹೊಳೆಯಿತು. "ಅಯ್ಯೋ, ನನ್ನ ಕಾಯ್ತಾ ಇದಾರೆ ಕಣೇ ಅವರು" ಎಂದರು.

ನಾನು ಬಾಗಿಲಿಗೆ ಓಡಿದೆ. ಲಿಂಗಪ್ಪನವರು ಬಾಗಿಲು ಅರ್ಧ ತೆರೆದು ಅಡ್ಡ ನಿಂತರು. "ಮೇಡಂ, ನೀವಿಲ್ಲಿ ಬರೋ ಹಾಗಿಲ್ಲ."

"ಸಾರ್, ಮಕ್ಕಳು ಸುಮ್ನೆ ಕೂತಿದಾರೆ..."

"ನಾನು ಶುರು ಮಾಡಿ ಅಂತ ಎರಡು ಸಲ ಹೇಳಿದೀನಿ. ಹೂಂ ಸಾರ್ ಅಂತಾರೆ, ಕೂತ್ಕೋತಾರೆ. ಉತ್ತರ ಗೊತ್ತಿಲ್ದೇ ಇದ್ರೆ ನಾನೇನ್ ಮಾಡ್ಲಿ? ಹೇಳಿಕೊಡೋ ಹಾಗಿಲ್ಲ ನಾನು." ಅವರು ಕೆಟ್ಟವರಲ್ಲ. ಅವರಿಗೂ ಒಂದು ಮುಚ್ಚಳಿಕೆ ಇತ್ತು.

ಆಗಲೇ ಅವರ ಭುಜದ ಮೇಲಿಂದ ಆ ಒಂದು ಮಾತು ಒಳಗೆ ಹಾಕಿಬಿಡಬಹುದಿತ್ತು. ಬಾಯಿ ತೆರೆದೆ. ಇನ್ನೂ ಹನ್ನೆರಡು ವರ್ಷ ಉಳಿದಿದ್ದ ಸರ್ವಿಸ್ ನೆನಪಾಯಿತು. ಮುಚ್ಚಿಕೊಂಡೆ. ಬಾಗಿಲೂ ಮುಚ್ಚಿತು. ನಾನು ಮರದ ಕೆಳಗೆ ವಾಪಸು ಬಂದೆ.

ಪರದೆಯ ಮೂಲೆಯಲ್ಲಿ ಮೂವತ್ತು ಎಂದಿತ್ತು. ಮೇಡಂ ಕಿಟಕಿ ನೋಡುತ್ತಲೇ ಇದ್ದರು. ಇಪ್ಪತ್ತೊಂಬತ್ತಾಯಿತು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕಡೆ ನೋಡದೆ, ಅಂಗಳ ದಾಟಿ ಕಿಟಕಿಯ ಹತ್ತಿರ ಹೋಗಿ ಸರಳು ಹಿಡಿದರು. ಕೂಗಲಿಲ್ಲ. ದಿನಾ ಹೇಳುವ ದನಿಯಲ್ಲೇ ಹೇಳಿದರು.

"ಈಗ ಮುಟ್ಟಿ ಮಕ್ಕಳೇ."

ಐದು ಬಲಗೈಗಳು ಒಟ್ಟಿಗೆ ಮೇಲೆದ್ದವು. ಲಿಂಗಪ್ಪನವರು ಎದ್ದು ನಿಂತು ಕಿಟಕಿಯ ಕಡೆ ನೋಡಿದರು, ಮತ್ತೆ ಕೂತು ತಮ್ಮ ಪುಸ್ತಕದಲ್ಲಿ ಏನೋ ಬರೆಯತೊಡಗಿದರು. ಮೇಡಂ ಅಲ್ಲಿ ನಿಲ್ಲಲಿಲ್ಲ. ಹೊರಗೆ ಸಾಲಾಗಿ ಕೂತಿದ್ದ ಉಳಿದ ಹತ್ತು ಮಕ್ಕಳ ಬಳಿಗೆ ಬಂದು, "ಒಳಗೆ ನಾನಿರಲ್ಲ. ಆ ಸಾರ್ ಹೇಳಿದ ಕೂಡ್ಲೇ ಮುಟ್ಟಿ" ಎಂದರು. ಆಮೇಲೆ ಸ್ಟಾಫ್ ರೂಮಿಗೆ ಹೋಗಿ ಡಬ್ಬಿ ಬಿಚ್ಚಿ, ಹನ್ನೊಂದು ಗಂಟೆಗೇ ಚಿತ್ರಾನ್ನ ತಿಂದರು. ಅಗಳು ಮೇಜಿನ ತುಂಬ ಬಿದ್ದಿತ್ತು.

ನೋಟಿಸು ಹತ್ತು ದಿನಕ್ಕೆ ಬಂತು, ಈ ಸಲ ಶಾಲೆಯ ವಿಳಾಸಕ್ಕೆ. ಪರೀಕ್ಷೆಯ ವೇಳೆ ಕಿಟಕಿಯ ಮೂಲಕ ಅಭ್ಯರ್ಥಿಗಳಿಗೆ ಮಾಹಿತಿ ರವಾನಿಸಿದ ಆರೋಪ. ಮಾರ್ಚ್ ಕೊನೆಗೆ ಫಲಿತಾಂಶವೂ ಬಂತು. ಎರಡನೇ, ಮೂರನೇ ತಂಡದ ಹತ್ತು ಮಕ್ಕಳಿಗೆ ಹೆಸರು ಅಚ್ಚಾದ ಹಾಳೆ ಕೈಗೆ ಸಿಕ್ಕಿತು. ಮೊದಲ ತಂಡದ ಐವರ ಹೆಸರಿನ ಮುಂದೆ "ತಡೆಹಿಡಿಯಲಾಗಿದೆ" ಎಂದಿತ್ತು.

ಉಮಾಶ್ರೀ ದಿನಾ ಬಂದು ಕೇಳುತ್ತಿದ್ದಳು. "ಟೀಚರ, ನಮ್ದ ಯಾವಾಗ ಬರ್ತೈತ್ರಿ?" ಒಂದು ದಿನ ದಾನಮ್ಮನೇ ಬಂದಳು, ಗಾರ್ಮೆಂಟ್ಸಿನ ಅರ್ಧ ದಿನದ ರಜೆ ಹಾಕಿ. ಬಾಗಿಲಲ್ಲೇ ನಿಂತಳು, ಒಳಗೆ ಬಾ ಎಂದರೂ ಬರಲಿಲ್ಲ.

"ನಮ್ಮ ವಠಾರದಾಗ ನಿನ್ನ ಮಗಳು ಕಾಪಿ ಹೊಡದಾಳಂತ ಅನ್ನಾಕತ್ತಾರ್ರೀ ಮೇಡಂ. ಅಕಿ ಊಟ ಬಿಟ್ಟಾಳ. ಕಾಪಿ ಹೊಡದಿದ್ರ ಹೊಡದಾಳ ಅಂತ ನೀವಽ ಹೇಳ್ರಿ, ನಾಕು ಬಡಿತೀನಿ. ಹೊಡದಿಲ್ಲಂದ್ರ ಮಂದಿ ಮುಂದ ಬಂದು ಹೇಳ್ರಿ."

ಮೇಡಂ ಕುರ್ಚಿಯಿಂದ ಎದ್ದು ನಿಂತಿದ್ದರು. "ಹೊಡೆದಿಲ್ಲ ಕಣಮ್ಮ" ಎಂದರು. "ನಿನ್ನ ಮಗಳು ಏನೂ ತಪ್ಪು ಮಾಡಿಲ್ಲ. ಬರೆಸಿ ಕೊಡ್ತೀನಿ." ದಾನಮ್ಮ ಹೋದ ಮೇಲೂ ಬಹಳ ಹೊತ್ತು ಅವರು ಬಾಗಿಲ ಕಡೆಯೇ ನೋಡುತ್ತಿದ್ದರು. ಜಗಲಿಯ ಮೇಲೆ ಓದಿಸಿದ ಕಾಗದ ಅವರ ತಲೆಯಲ್ಲಿ ಓಡುತ್ತಿತ್ತು ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ವಿಚಾರಣೆ ಮೇ ತಿಂಗಳಲ್ಲಿ, ರಾಜಾಜಿನಗರದ ಕಚೇರಿಯಲ್ಲಿ. ಹಿಂದಿನ ದಿನ ಭೈರೇಶನೂ ನಾನೂ ಬ್ಯಾಡರಹಳ್ಳಿಯ ಮನೆಗೆ ಹೋಗಿ ಕೂತು ಲೆಕ್ಕ ಹಾಕಿದೆವು. ಲಿಂಗಪ್ಪನವರು ಬರೆದದ್ದು "ಏನನ್ನೋ ಹೇಳಿದರು" ಎಂದಷ್ಟೇ. ಅವರಿಗೆ ಮಾತು ಸರಿಯಾಗಿ ಕೇಳಿಸಿರಲಿಲ್ಲ.

"ಚಿಕ್ಕಮ್ಮ, ಮಕ್ಕಳು ಚೆನ್ನಾಗಿದಾರಾ ಅಂತ ನೋಡಕ್ಕೆ ಹೋಗಿದ್ದೆ, ಏನೂ ಹೇಳಿಲ್ಲ ಅನ್ನಿ. ಒಂದು ಎಚ್ಚರಿಕೆ ಕೊಟ್ಟು ಬಿಡ್ತಾರೆ. ಪಿಂಚಣಿ ಕಾಗದಕ್ಕೆ ತೊಂದರೆ ಆಗಲ್ಲ" ಎಂದ ಭೈರೇಶ್.

"ಆ ಐದು ಮಕ್ಕಳದು?"

"ಅನುಮಾನ ಉಳಿಯುತ್ತೆ, ರದ್ದು ಮಾಡ್ತಾರೆ" ಎಂದವಳು ನಾನು. "ಅದೇನು ಪಬ್ಲಿಕ್ ಪರೀಕ್ಷೆನಾ ಮೇಡಂ? ಪ್ರಯೋಗ ತಾನೇ. ಎರಡು ತಿಂಗಳಿಗೆ ಎಲ್ಲರೂ ಮರೀತಾರೆ." ಹೌದು, ನಾನೇ ಹೇಳಿದೆ. ಉಮಾಶ್ರೀಯ ಲೆಕ್ಕದ ಟೀಚರ್ ನಾನು.

ಮೇಡಂ ನಮಗೆ ಇನ್ನೊಂದು ಲೋಟ ಕಾಫಿ ಕೊಟ್ಟರು.

ವಿಚಾರಣೆಯ ಅಧಿಕಾರಿ ವಯಸ್ಸಿನಲ್ಲಿ ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಮರ್ಯಾದೆಯಿಂದಲೇ ಕೂರಿಸಿದರು. ಸಾಕ್ಷಿಯಾಗಿ ನಾನೂ ಪಕ್ಕದ ಕುರ್ಚಿಯಲ್ಲಿದ್ದೆ. ಗುಮಾಸ್ತೆ ಬರೆದುಕೊಳ್ಳಲು ಕೂತಿದ್ದರು.

"ಕಿಟಕೀಲಿ ಏನು ಹೇಳಿದ್ರಿ ಮೇಡಂ?"

"ಈಗ ಮುಟ್ಟಿ ಅಂದೆ ಸಾರ್."

"ಅಂದ್ರೆ, ಯಾವ ಉತ್ತರ ಮುಟ್ಟಬೇಕು ಅಂತ?"

"ಇಲ್ಲ ಸಾರ್. ಮುಟ್ಟಿ ಅಂದೆ, ಅಷ್ಟೇ."

ಅಧಿಕಾರಿ ನಸುನಕ್ಕರು. "ಹನ್ನೆರಡು ಹದಿಮೂರು ವರ್ಷದ ಮಕ್ಕಳು. ಪ್ರಶ್ನೆ ಎದುರಿಗಿದೆ, ಮೌಸ್ ಎದುರಿಗಿದೆ, ಮೇಲ್ವಿಚಾರಕರು ಶುರು ಮಾಡಿ ಅಂದಿದಾರೆ. ಮುಟ್ಟಿ ಅಂತ ನೀವು ಹೇಳೋ ತನಕ ಹನ್ನೊಂದು ನಿಮಿಷ ಸುಮ್ನೆ ಕೂತ್ರು ಅಂದ್ರೆ ಯಾರು ನಂಬ್ತಾರೆ? ನೀವು ಏನೂ ಹೇಳ್ಲಿಲ್ಲ ಅಂದಿದ್ರೇ ಚೆನ್ನಾಗಿತ್ತು. ಯೋಚನೆ ಮಾಡಿ ಹೇಳಿ, ಇನ್ನೂ ಬರೆಸಿಲ್ಲ ನಾನು."

ತಪ್ಪಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು. ನಾನು ಮೇಜಿನ ಕೆಳಗೆ ಮೇಡಂ ಸೀರೆಯ ಅಂಚು ಎಳೆದೆ. ಅವರು ನನ್ನ ಕೈ ಬಿಡಿಸಿದರು.

"ನಂಬಬೇಕು ಸಾರ್. ಯಾಕಂದ್ರೆ ಅವರಿಗೆ ಹಾಗೆ ಕಲಿಸಿದ್ದು ನಾನು. ನಾನು ಹೇಳೋಕ್ಕೆ ಮೊದಲೇ ಮುಟ್ಟಿದ್ರೆ ಹೊರಗೆ ನಿಲ್ಲಿಸ್ತಾ ಇದ್ದೆ. ಒಬ್ಬ ಹುಡುಗನ್ನ ಮೂರು ದಿನ ನಿಲ್ಲಿಸಿದೀನಿ. ಅದಕ್ಕೂ ಮುಂಚೆ ನಾಲ್ಕು ವರ್ಷ ಆಯುಧಪೂಜೆ ದಿನ ಬಿಟ್ರೆ ಆ ಕೋಣೆ ಬೀಗಾನೇ ತೆಗೆದಿಲ್ಲ. ಮೌಸು ಕೀಬೋರ್ಡು ಬೀರುವಲ್ಲಿತ್ತು. ಒಡೆದ್ರೆ ನನ್ನ ತಲೆ ಮೇಲೆ ಬರುತ್ತೆ ಅಂತ ಭಯ ಸಾರ್ ನಂಗೆ."

"ಮೇಡಂ, ಇದು ಬೇರೆ ತಪ್ಪಾಗುತ್ತೆ. ಉಪಕರಣ ಬಳಸದೇ ಇಟ್ಟು ಸುಸ್ಥಿತಿ ಅಂತ ವರದಿ ಕೊಟ್ಟಿದ್ದು. ನಿವೃತ್ತಿ ಆದ್ಮೇಲೂ ನಡೆಯುತ್ತೆ ಇದರ ವಿಚಾರಣೆ. ಗೊತ್ತಲ್ವಾ?"

"ಗೊತ್ತು ಸಾರ್." ಅವರಿಗೆ ಅಳು ಬಂದಿತ್ತು, ಆದರೂ ಮಾತು ನಿಲ್ಲಿಸಲಿಲ್ಲ. "ನನ್ನ ಸರ್ವಿಸಲ್ಲಿ ಒಂದು ರೇಡಿಯೋ ಬಿಟ್ರೆ ಏನೂ ಒಡೆದಿಲ್ಲ ಸಾರ್. ಆದ್ರೆ ಒಂದು ಮಗುನೂ ಏನೂ ಮುಟ್ಟಲಿಲ್ಲ. ಇದನ್ನ ಹಾಗೇ ಬರೆಸಿ. ಆ ಐದು ಮಕ್ಕಳು ಕಾಪಿ ಹೊಡೆದಿಲ್ಲ ಅಂತಾನೂ ಬರೆಸಿ. ಇಪ್ಪತ್ತೊಂಬತ್ತು ನಿಮಿಷದಲ್ಲಿ ಅವರು ಮಾಡಿದ್ದು ಪೂರಾ ಅವರದ್ದೇ."

ಗುಮಾಸ್ತೆ ಅಧಿಕಾರಿಯ ಮುಖ ನೋಡಿದರು. ಅಧಿಕಾರಿ ತಲೆಯಾಡಿಸಿದರು. ಪೆನ್ನು ಬಹಳ ಹೊತ್ತು ಓಡಿತು. ಮೇಡಂ ಪ್ರತಿ ಹಾಳೆಗೂ ಸಹಿ ಹಾಕಿದರು. ಹಾಳೆಗಳನ್ನು ಜೋಡಿಸಿಟ್ಟು, ಇನ್ನೇನು ಮುಗಿಯಿತು ಎನ್ನುವಾಗ, ಅಧಿಕಾರಿ ನನ್ನ ಕಡೆ ತಿರುಗಿದರು.

"ನೀವು ಕಂಪ್ಯೂಟರ್ ಪಾಠ ಮಾಡ್ತಿದ್ದವರು ಅಲ್ವಾ? ಈ ನಾಲ್ಕು ವರ್ಷದಲ್ಲಿ ಒಂದು ಸಲನಾದ್ರೂ ಆ ಕೋಣೆ ಕೀಲಿ ಕೇಳಿದ್ರಾ ಇವರನ್ನ?"

ಮೇಡಂ ನನ್ನ ಪರವಾಗಿ ಏನೋ ಹೇಳಲು ಬಾಯಿ ತೆರೆದರು. ನಾನೇ ಮೊದಲು ಹೇಳಿದೆ.

"ಇಲ್ಲ ಸಾರ್. ಕೇಳಿರ್ಲಿಲ್ಲ."

ಗುಮಾಸ್ತೆ ಹೊಸ ಹಾಳೆ ತೆಗೆದುಕೊಂಡು ಅದನ್ನೂ ಬರೆದುಕೊಂಡರು.